ಮೀನಿನಲ್ಲಿ ಫಾರ್ಮಾಲಿನ್: ಹುಟ್ಟಿದ್ದೆಷ್ಟು, ಹಾಕಿದ್ದೆಷ್ಟು?

2018ರ ಜೂನ್‌ನಲ್ಲಿ ಕೇರಳದ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ‘ಆಪರೇಷನ್ ಸಾಗರ ರಾಣಿ’ ಹೆಸರಿನಲ್ಲಿ ಫಾರ್ಮಾಲಿನ್ (ಶವ ಕೆಡದಂತೆ ಇಡಲು ಬಳಸುವ, ಫಾರ್ಮಾಲ್ಡಿಹೈಡ್ ಅನಿಲ ಕರಗಿದ ನೀರು) ಬೆರೆತ ಮೀನನ್ನು ಟನ್‌ಗಟ್ಟಲೆ ಹಿಡಿದರು. ಜುಲೈನಲ್ಲಿ ಗೋವಾದ ಮಡಗಾಂವ್ ಸಗಟು ಮಾರುಕಟ್ಟೆಯ ಮೀನಿನಲ್ಲೂ ಅದು ಇದೆಯೆಂದು ಮೊದಲ ಪರೀಕ್ಷೆ ಹೇಳಿತು. ಅದರ ಬೆನ್ನಿಗೇ ‘ಮಿತಿಯೊಳಗಿದೆ’ ಎಂಬ ಮಾತು ಬಂತು. ಆಗ ಅಂಥ ಮಿತಿಯೇ ಇರಲಿಲ್ಲ ಎನ್ನುವುದು ಬೇರೆ ಮಾತು. ಗೋವಾ ಹೊರರಾಜ್ಯದ ಮೀನನ್ನು ಕೆಲವು ದಿನ ನಿಲ್ಲಿಸಿತು. ನವೆಂಬರ್‌ನಲ್ಲಿ ಬಿಗಿ ಷರತ್ತು ಹಾಕಿದಾಗ ಕಾರವಾರದ ಲಾರಿಗಳಿಗೂ ಬಿಸಿ ತಟ್ಟಿತು.

ಗೊಂದಲದ ಬೇರು ಅಣುವಿನಲ್ಲೇ ಇದೆ. ಆಲ್ಡಿಹೈಡ್ ಎಂದರೆ ಆಮ್ಲಜನಕಕ್ಕೆ ಜೋಡಿಬಂಧದಿಂದ ಅಂಟಿದ ಇಂಗಾಲ, ಅದಕ್ಕೆ ಕನಿಷ್ಠ ಒಂದು ಜಲಜನಕ. ಆಮ್ಲಜನಕವು ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಇಂಗಾಲ ಸದಾ ಜೊತೆ ಹುಡುಕುತ್ತಿರುತ್ತದೆ. ವೆನಿಲಿನ್, ದಾಲ್ಚಿನ್ನಿಯ ಘಮ ಎಲ್ಲವೂ ಈ ಕುಟುಂಬದವೇ. ಇವುಗಳಲ್ಲಿ ಅತಿ ಚಿಕ್ಕದು ಫಾರ್ಮಾಲ್ಡಿಹೈಡ್. ಇದರ ಶಾಸ್ತ್ರೀಯ ಹೆಸರು ಮೆಥನ್ಯಾಲ್. ಇಂಗಾಲದ ಎರಡೂ ಪಕ್ಕದಲ್ಲಿ ಪುಟ್ಟ ಜಲಜನಕ ಮಾತ್ರ ಇರುವುದರಿಂದ ಅಡ್ಡಿಯೇ ಇಲ್ಲ, ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ.

1859ರಲ್ಲಿ ರಸಾಯನಶಾಸ್ತ್ರಜ್ಞ ಬಟ್ಲೆರೋವ್ ಕಣ್ಣಿಗೆ ಬಿದ್ದ ಈ ಅನಿಲವನ್ನು ಇನ್ನೊಬ್ಬ ರಸಾಯನಶಾಸ್ತ್ರಜ್ಞ ಹಾಫ್‌ಮನ್ 1860ರ ದಶಕದಲ್ಲಿ ಮೆಥನಾಲ್ ಎಂಬ ಮದ್ಯಸಾರದ ಆವಿಯನ್ನು ಕಾದ ಪ್ಲಾಟಿನಂ ಮೇಲೆ ಹಾಯಿಸಿ ತಯಾರಿಸಿದರು. 1907ರಲ್ಲಿ ಇದರಿಂದ ಬೇಕ್‌ಲೈಟ್ ಎಂಬ ಪ್ಲಾಸ್ಟಿಕ್ ಬಂತು, ಮುಂದೆ ಪ್ಲೈವುಡ್ಡಿನ ಅಂಟು. ನಮ್ಮ ಕಥೆಗೆ ಮುಖ್ಯವಾದ ವರ್ಷ 1893. ಸೋಂಕುನಾಶಕವಾಗಿ ಇದನ್ನು ಬಳಸುತ್ತಿದ್ದ ವೈದ್ಯ ಫರ್ಡಿನಾಂಡ್ ಬ್ಲೂಮ್, ತಮ್ಮ ಬೆರಳ ಚರ್ಮ ಗಡುಸಾದದ್ದನ್ನು ಗಮನಿಸಿ ಅಂಗಾಂಶ ಕೆಡದಂತೆ ಇಡಲು ಬಳಸಿದರು. ಫಾರ್ಮಾಲ್ಡಿಹೈಡ್ ಪ್ರೋಟೀನುಗಳ ನಡುವೆ ಸೇತುವೆ ಕಟ್ಟುತ್ತದೆ. ಶವಾಗಾರಕ್ಕೆ ಬೇಕಾದದ್ದೂ ಮೀನು ಬಿಗಿಯಾಗಿ ಕಾಣಬೇಕೆಂದವರಿಗೆ ಬೇಕಾದದ್ದೂ ಅದೇ ಗುಣ.

ಪ್ರಮಾಣದ ಲೆಕ್ಕದಲ್ಲೂ ಎಡವಟ್ಟಿದೆ. ಅಂಗಡಿಯ ಫಾರ್ಮಾಲಿನ್‌ನಲ್ಲಿ ತೂಕದ ಸುಮಾರು 37% ಫಾರ್ಮಾಲ್ಡಿಹೈಡ್, ಉಳಿದದ್ದು ನೀರು, ಜೊತೆಗೆ ಸಾಮಾನ್ಯವಾಗಿ 10ರಿಂದ 15% ಮೆಥನಾಲ್. ಮೆಥನಾಲ್ ಇಲ್ಲದಿದ್ದರೆ ಚಳಿಗೆ ಬಿಳಿ ಗಸಿ ಕೂರುತ್ತದೆ. ಲ್ಯಾಬಿನಲ್ಲಿ ‘10% ಫಾರ್ಮಾಲಿನ್’ ಎನ್ನುವುದು ಇದರ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅಂದರೆ ಸುಮಾರು 4% ಫಾರ್ಮಾಲ್ಡಿಹೈಡ್. ವರದಿಗಳಲ್ಲಿ ಎರಡು ಅಂಕಿಗಳೂ ಒಂದೇ ಎಂಬಂತೆ ಓಡಾಡುತ್ತವೆ.

ಇನ್ನು ಮೀನು. ಸಮುದ್ರ ಮೀನಿನ ಸ್ನಾಯುವಿನಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತುವಿದೆ. ಬರ್ಫದಲ್ಲಿಟ್ಟರೂ ಬ್ಯಾಕ್ಟೀರಿಯಾ ಅದನ್ನು ನಿಧಾನವಾಗಿ ಒಡೆದು ಕೊಳೆತ ಮೀನಿನ ವಾಸನೆ ತರುತ್ತವೆ. ಡೀಪ್ ಫ್ರೀಜರ್‌ನಲ್ಲಿ ಬ್ಯಾಕ್ಟೀರಿಯಾ ಸುಮ್ಮನಾದರೂ ಕೆಲವು ಜಾತಿಗಳ ಕಿಣ್ವ ಸುಮ್ಮನಾಗುವುದಿಲ್ಲ. ಅದು ಒಡೆಯುವ ಪ್ರತಿ ಅಣುವಿನಿಂದ ಒಂದು ಡೈಮೀಥೈಲಮೈನ್, ಒಂದು ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. ಬೊಂಬಿಲ್, ಲಿಜರ್ಡ್ ಫಿಶ್‌ಗಳಲ್ಲಿ ಇದು ಹೆಚ್ಚು. ಯಾರೂ ಏನನ್ನೂ ಸುರಿಯದಿದ್ದರೂ ಪರೀಕ್ಷೆ ‘ಇದೆ’ ಎನ್ನಬಹುದು. ಮುಂದೆ ಆಹಾರ ಸುರಕ್ಷತಾ ಪ್ರಾಧಿಕಾರ ಮೀನುಗಳನ್ನು ಗುಂಪು ಮಾಡಿ ಬೇರೆಬೇರೆ ಮಿತಿ ಇಟ್ಟದ್ದು ಇದಕ್ಕೇ. 2018ರಲ್ಲೇ ಅದಿದ್ದಿದ್ದರೆ ಅರ್ಧ ಗಲಾಟೆ ತಪ್ಪುತ್ತಿತ್ತು.

ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಐಎಫ್‌ಟಿ) ರೂಪಿಸಿದ ಪರೀಕ್ಷಾ ಕಾಗದದ ಪಟ್ಟಿಯನ್ನು ಮೀನಿನ ಮೇಲೆ ಉಜ್ಜಿ ದ್ರಾವಣದ ಹನಿ ಹಾಕಿದರೆ ಕೆಲವೇ ನಿಮಿಷದಲ್ಲಿ ಬಣ್ಣ ಬರುತ್ತದೆ. ಸಂತೆಯಲ್ಲಿ ಸೋಸುವುದಕ್ಕೆ ಇದು ಸಾಕು, ತೀರ್ಪಿಗೆ ಸಾಲದು. ಅದು ಹಿಡಿಯುವುದು ಮೇಲ್ಮೈಯಲ್ಲಿ ಬಿಡಿಯಾಗಿ ಉಳಿದದ್ದನ್ನು. ಪ್ರೋಟೀನಿಗೆ ಕಟ್ಟಿಕೊಂಡದ್ದು ಅದಕ್ಕೆ ಕಾಣುವುದಿಲ್ಲ. ಅಮೋನಿಯಾ ಜೊತೆಗಿದ್ದರೆ ಎರಡೂ ಸೇರಿ ಹೆಕ್ಸಾಮಿನ್ ಎಂಬ ಬೇರೆ ವಸ್ತುವಾಗಿ ಅಂಕಿ ಇಳಿಯುತ್ತದೆ. ಪ್ರಮಾಣ ತಿಳಿಯಲು ಪ್ರಯೋಗಾಲಯದ ಅಳತೆಯೇ ಬೇಕು, ಜೊತೆಗೆ ಜಾತಿಯ ಹೆಸರೂ ಶೇಖರಣೆಯ ದಿನಗಳೂ ಬರೆದಿರಬೇಕು. ಲಾರಿ ಹಿಡಿದ ಅವಸರದಲ್ಲಿ ಇವು ಸಾಮಾನ್ಯವಾಗಿ ಖಾಲಿ ಬಿಟ್ಟ ಕಾಲಂಗಳು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 2004ರಲ್ಲಿ ಫಾರ್ಮಾಲ್ಡಿಹೈಡನ್ನು ಕ್ಯಾನ್ಸರ್‌ಕಾರಕ ಎಂದದ್ದು ಮುಖ್ಯವಾಗಿ ಉಸಿರಿನಲ್ಲಿ ಎಳೆದುಕೊಂಡ ಕಾರ್ಮಿಕರ ಅಧ್ಯಯನದಿಂದ. ಹಾಗೆಂದು ಮೀನಿಗೆ ಸುರಿಯುವುದು ಸರಿಯಾಗುವುದಿಲ್ಲ. ಅದು ಹಳೆ ಮೀನನ್ನು ಹೊಸದೆಂದು ತೋರಿಸುವ ಮೋಸ. ತೊಳೆದರೆ ಮೇಲಿನ ಒಂದಿಷ್ಟು ಹೋಗುತ್ತದೆ, ಕಟ್ಟಿಕೊಂಡದ್ದು ಉಳಿಯುತ್ತದೆ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಬರ್ಫ ಬೇಕು, ಪದರ ಪದರವಾಗಿ, ಶಾಖ ತಡೆಯುವ ಪೆಟ್ಟಿಗೆಯಲ್ಲಿ, ಕರಗಿದ ನೀರು ಹರಿದುಹೋಗುವ ತೂತಿನೊಂದಿಗೆ. ದೂರದ ಲೋಡಿನಲ್ಲಿ ಬರ್ಫ ದಾರಿಯಲ್ಲೇ ಕರಗುತ್ತದೆ, ತುಂಬಿಸುವ ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ. ಫಾರ್ಮಾಲಿನ್ ಬಾಟಲಿ ಹೊರಬರುವುದು ಅಲ್ಲಿ.