ಯೇಸು ಏಳದೇ ಹೋಗಿದ್ದರೆ ಉಳಿಯುವುದೇನು?

ಸಾವಿನ ಮನೆಯಲ್ಲಿ ಜನ ನನ್ನಂಥ ಸಭಾಪಾಲಕನನ್ನು ಕೇಳುವ ಪ್ರಶ್ನೆಗಳೇ ಬೇರೆ. ತ್ರಯೇಕತ್ವ, ದೀಕ್ಷಾಸ್ನಾನ ಅಂತೆಲ್ಲ ಅಲ್ಲಿ ಯಾರೂ ಮಾತೆತ್ತುವುದಿಲ್ಲ. "ಅಯ್ಯನವರೇ, ಅಪ್ಪ ಈಗ ಎಲ್ಲಿದ್ದಾರೆ? ಮತ್ತೆ ಅವರನ್ನ ನೋಡ್ತೀವಾ?" ಅನ್ನುತ್ತಾರೆ. ನೋಡುತ್ತೇವೆ ಎಂದು ನಾನು ಹೇಳುತ್ತೇನೆ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಅದು. ಆದರೆ ಹಾಗೆ ಹೇಳಲು ನನಗಿರುವ ಆಧಾರ ಒಂದೇ: ಯೇಸು ಸ್ವಾಮಿ ಸಮಾಧಿಯಿಂದ ಎದ್ದರು ಎಂಬುದು. ಅದು ನಿಜವಲ್ಲದಿದ್ದರೆ ನಾನು ಆ ಮನೆಗೆ ಹೋಗಲೇಬಾರದು.

ಕ್ರೈಸ್ತ ನಂಬಿಕೆ ಎಂದರೆ ಒಳ್ಳೆಯ ಬೋಧನೆ ಎಂದು ಬಹಳ ಜನ ತಿಳಿದಿದ್ದಾರೆ. ನೆರೆಯವರನ್ನು ಪ್ರೀತಿಸು, ಶತ್ರುವನ್ನು ಕ್ಷಮಿಸು. ಬೋಧನೆ ದೊಡ್ಡದೇ. ಆದರೆ ಯೇಸು ಕಳಿಸಿದ ಅಪೊಸ್ತಲರು ಊರೂರಿಗೆ ಹೊತ್ತು ಹೋದದ್ದು ಒಂದು ಸುದ್ದಿಯನ್ನು. ರೋಮಿನವರು ಶಿಲುಬೆಗೆ ಹಾಕಿ ಕೊಂದ ಯೇಸುವನ್ನು ದೇವರು ಮೂರನೆಯ ದಿನ ಎಬ್ಬಿಸಿದರು ಎಂಬ ಸುದ್ದಿ. ಇದು ಸುಳ್ಳಾದರೆ ಏನು ಗತಿ ಎಂಬ ಲೆಕ್ಕವನ್ನು ಆ ಅಪೊಸ್ತಲರಲ್ಲೊಬ್ಬನಾದ ಪೌಲ ತಾನೇ ಹಾಕಿದ್ದಾನೆ.

ಸುಮಾರು ಕ್ರಿ.ಶ. 55ರ ಹೊತ್ತಿಗೆ ಎಫೆಸದಲ್ಲಿದ್ದಾಗ ಅವನು ಕೊರಿಂಥದ ಸಭೆಗೆ ಒಂದು ಪತ್ರ ಬರೆದ. ಕೊರಿಂಥ ಗ್ರೀಸ್‌ನ ದೊಡ್ಡ ವ್ಯಾಪಾರದ ಪಟ್ಟಣ. ಆತ್ಮಕ್ಕೆ ಸಾವಿಲ್ಲ ಎಂಬ ಮಾತು ಅಲ್ಲಿ ಹೊಸದಾಗಿರಲಿಲ್ಲ. ದೇಹ ಮಾತ್ರ ಅನೇಕರ ಕಣ್ಣಿಗೆ ಕಳಚಿ ಬಿಸಾಕಬೇಕಾದ ಹೊರೆ. ಅಥೇನೆಯ (ಅಥೆನ್ಸ್) ಅರಿಯೊಪಾಗ ಎಂಬ ಸಭಾಸ್ಥಳದಲ್ಲಿ ಪೌಲ ಸತ್ತವರು ಏಳುವ ಮಾತೆತ್ತಿದ ಕೂಡಲೇ ಕೆಲವರು ಅಪಹಾಸ್ಯ ಮಾಡಿದ್ದು ಇದಕ್ಕೇ. ಕೊರಿಂಥದ ಸಭೆಯಲ್ಲೂ ಅದೇ ಇರುಸುಮುರುಸು. ಯೇಸು ಎದ್ದದ್ದನ್ನು ಅವರು ಕೇಳಿ ನಂಬಿದ್ದರು. ಆದರೂ ಸತ್ತವರಿಗೆ ಪುನರುತ್ಥಾನವೇ ಇಲ್ಲ ಎಂದು ಅವರಲ್ಲೇ ಕೆಲವರು ಹೇಳತೊಡಗಿದ್ದರು.

ಪೌಲ ಮಾತನ್ನು ಮೆತ್ತಗೆ ಮಾಡಲಿಲ್ಲ. ಸತ್ತವರು ಏಳುವುದೇ ಇಲ್ಲವೆಂದರೆ ಕ್ರಿಸ್ತನೂ ಎದ್ದಿಲ್ಲ. ಆಗ ನಾವು ಸಾರಿದ್ದು ವ್ಯರ್ಥ, ನೀವು ನಂಬಿದ್ದೂ ವ್ಯರ್ಥ. ದೇವರ ಬಗ್ಗೆ ಸುಳ್ಳು ಸಾಕ್ಷಿ ಹೇಳಿದವರು ನಾವು. ನಿಮ್ಮ ಪಾಪ ಇನ್ನೂ ನಿಮ್ಮ ತಲೆಯ ಮೇಲೇ ಇದೆ. ತೀರಿಹೋದವರು ಹೋದರು, ಅಷ್ಟೇ. ಎಲ್ಲರಿಗಿಂತ ಅಯ್ಯೋ ಪಾಪ ಅನ್ನಿಸಿಕೊಳ್ಳಬೇಕಾದವರು ನಾವೇ. ಆ ಪತ್ರದ 15ನೇ ಅಧ್ಯಾಯದ ಸಾರ ಇದು. ತನ್ನ ನಂಬಿಕೆ ಎಲ್ಲಿ ಮುರಿದುಬೀಳಬಹುದು ಎಂದು ಇಷ್ಟು ನೇರವಾಗಿ ಬೆರಳಿಟ್ಟು ತೋರಿಸಲು ಬಹಳ ಧೈರ್ಯ ಬೇಕು.

ಸಭೆಯ ಪೂರ್ಣ ಸದಸ್ಯರಾಗಲು ಸಿದ್ಧರಾಗುವ ದೃಢೀಕರಣದ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ: "ಶಿಲುಬೆಯಲ್ಲೇ ಕ್ಷಮೆ ಸಿಕ್ಕಿತಲ್ವಾ? ಮತ್ತೆ ಏಳಲೇಬೇಕಿತ್ತಾ?" ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಶಿಲುಬೆ ಎಂದರೆ ಆಗ ಗುಲಾಮರಿಗೂ ದಂಗೆಕೋರರಿಗೂ ಕೊಡುವ ಶಿಕ್ಷೆ. ಮರಕ್ಕೆ ತೂಗಹಾಕಿದವನು ಶಾಪಗ್ರಸ್ತ ಎಂದು ಬೈಬಲಿನ ಧರ್ಮೋಪದೇಶಕಾಂಡವೂ ಹೇಳುತ್ತದೆ. ಸಮಾಧಿಯಲ್ಲೇ ಮುಗಿದಿದ್ದರೆ ಯೇಸುವಿನ ಸಾವನ್ನು 'ನಮಗಾಗಿ' ಎಂದು ಯಾರೂ ಹೇಳುತ್ತಿರಲಿಲ್ಲ. ಸುಮಾರು ನೂರು ವರ್ಷಗಳ ನಂತರ, 132ರಲ್ಲಿ, ರೋಮಿನ ವಿರುದ್ಧ ದಂಗೆ ಎದ್ದ ಬಾರ್ ಕೊಖ್ಬನನ್ನೂ ಹಲವರು ಮೆಸ್ಸೀಯನೆಂದು, ಅಂದರೆ ದೇವರು ಕಳಿಸಿದ ಬಿಡುಗಡೆಗಾರನೆಂದು ನಂಬಿದ್ದರು. 135ರಲ್ಲಿ ಅವನು ಸತ್ತ. ಆ ನಂಬಿಕೆಯೂ ಅಲ್ಲಿಗೇ ಮುಗಿಯಿತು. ಯೇಸುವಿನ ವಿಷಯದಲ್ಲಿ ಆದದ್ದು ತಿರುಗುಮುರುಗು. ರೋಮಿನ ಅಧಿಪತಿ ಪಿಲಾತ ಕೊಟ್ಟ ಮರಣದ ತೀರ್ಪನ್ನು ದೇವರು ರದ್ದು ಮಾಡಿದರು. ಯೇಸು ಎದ್ದ ಆ ಭಾನುವಾರದ ಬೆಳಕಿನಲ್ಲೇ ಶಿಷ್ಯರಿಗೆ ಶಿಲುಬೆಯ ಶುಕ್ರವಾರದ ಅರ್ಥ ತಿಳಿದದ್ದು.

ಆಮೇಲೆ ಯಾರೋ ಸೇರಿಸಿದ ಕಥೆ ಇರಬಹುದಲ್ವಾ ಎಂದೂ ಕೇಳುವವರಿದ್ದಾರೆ. ಪೌಲ ಅದೇ ಅಧ್ಯಾಯದಲ್ಲಿ ಎದ್ದ ಯೇಸುವನ್ನು ಕಂಡವರ ಪಟ್ಟಿ ಕೊಡುತ್ತಾನೆ. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಒಟ್ಟಿಗೆ ಕಂಡ 500ಕ್ಕೂ ಹೆಚ್ಚು ಜನ, ಯಾಕೋಬ, ಅಪೊಸ್ತಲರೆಲ್ಲರು, ಕೊನೆಗೆ ತಾನು. ಆ 500ರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಬೇಕಾದರೆ ಹೋಗಿ ಕೇಳಿ ಅಂದ ಹಾಗೆ. ನಾನು ಪಡೆದದ್ದನ್ನೇ ನಿಮಗೆ ಒಪ್ಪಿಸಿದೆ ಎನ್ನುತ್ತಾನೆ. ಅಂದರೆ ಈ ಸಾಕ್ಷ್ಯ ಪತ್ರಕ್ಕಿಂತಲೂ ಹಳೆಯದು. ಯೇಸುವಿನ ತಮ್ಮ ಯಾಕೋಬನನ್ನು ನೋಡಿ. ಯೇಸುವಿನ ತಮ್ಮಂದಿರು ಮೊದಲು ಅವರನ್ನು ನಂಬಿರಲಿಲ್ಲ ಎಂದು ಯೋಹಾನನ ಸುವಾರ್ತೆಯೇ ಹೇಳುತ್ತದೆ. ಆ ಯಾಕೋಬ ಮುಂದೆ ಯೆರೂಸಲೇಮಿನ ಸಭೆಯ ಹಿರಿಯನಾದ. 62ರಲ್ಲಿ ಪ್ರಾಣವನ್ನೇ ಕೊಟ್ಟ. ಇನ್ನು ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು, ನಾಲ್ಕೂ ಸುವಾರ್ತೆಗಳಲ್ಲಿ. ಹೆಂಗಸರ ಸಾಕ್ಷಿಗೆ ಅಷ್ಟಾಗಿ ಬೆಲೆ ಇಲ್ಲದ ಕಾಲ ಅದು. ಕಥೆ ಕಟ್ಟುವವರು ಆ ಹೆಂಗಸರಲ್ಲೊಬ್ಬಳಾದ ಮಗ್ದಲದ ಮರಿಯಳನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ. ಇದೆಲ್ಲ ಲ್ಯಾಬಿನಲ್ಲಿ ತೋರಿಸುವ ಪುರಾವೆಯಲ್ಲ, ನಂಬುವುದು ಉಳಿದೇ ಇದೆ. ಆದರೆ ಗಾಳಿಯಲ್ಲಿ ನಿಂತ ನಂಬಿಕೆಯೂ ಅಲ್ಲ.

ಲೂಕನ ಸುವಾರ್ತೆಯ ಕೊನೆಯ ಅಧ್ಯಾಯ ಒಮ್ಮೆ ಓದಿ. ಶಿಷ್ಯರು ಭೂತ ಕಂಡೆವೆಂದು ಹೆದರಿ ನಿಂತಿದ್ದಾರೆ. ಯೇಸು ಕೈಕಾಲು ತೋರಿಸಿ, ತಿನ್ನಲು ಏನಾದರೂ ಇದೆಯಾ ಎಂದು ಕೇಳುತ್ತಾರೆ. ಶಿಷ್ಯರು ಸುಟ್ಟ ಮೀನಿನ ತುಂಡು ಕೊಡುತ್ತಾರೆ. ಯೇಸು ಅವರೆದುರಿಗೇ ತಿನ್ನುತ್ತಾರೆ. ಎದ್ದದ್ದು ದೇಹ, ಗಾಯದ ಗುರುತಿನ ಸಮೇತ. ಯೇಸು ಸಾವಿನಿಂದ ಎಬ್ಬಿಸಿದ ಲಾಜರನೂ ಎದ್ದಿದ್ದ, ಆದರೆ ಅವನು ಮತ್ತೆ ಸಾಯಲೇಬೇಕಿತ್ತು. ಯೇಸುವಿಗೆ ಮತ್ತೆ ಸಾವಿಲ್ಲ. ಅದಕ್ಕೇ ಪೌಲ ಅವರನ್ನು ಪ್ರಥಮಫಲ ಎನ್ನುತ್ತಾನೆ. ಮಂಗಳೂರು ಕಡೆ ಕಥೋಲಿಕರು ಸೆಪ್ಟೆಂಬರ್ 8ರ ತೆನೆ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ಒಯ್ಯುತ್ತಾರಲ್ಲ, ಹಾಗೆ. ಮೊದಲ ತೆನೆ ಕೈಗೆ ಬಂತೆಂದರೆ ಗದ್ದೆಯ ಬೆಳೆಯೂ ಹಿಂದೆಯೇ ಬರುತ್ತಿದೆ.

ಇದನ್ನು ಮರೆಯುವುದು ನಮ್ಮವರೇ ಜಾಸ್ತಿ. ಸಮಾಧಿಯ ಬಳಿ 'ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು' ಎಂಬುದು ಎಲ್ಲರಿಗೂ ಬಾಯಿಪಾಠ. ಪ್ರಾರ್ಥನೆ ಅಲ್ಲಿಗೆ ನಿಲ್ಲುವುದಿಲ್ಲ. ಕ್ರಿಸ್ತನ ಮೂಲಕ ನಿತ್ಯಜೀವಕ್ಕೆ ಏಳುವೆವೆಂಬ ದೃಢ ನಿರೀಕ್ಷೆಯಿಂದ ಒಪ್ಪಿಸುತ್ತೇವೆ ಎಂದು ಮುಂದುವರಿಯುತ್ತದೆ. ಅಷ್ಟರಲ್ಲಿ ಜನ ಹಿಡಿ ಮಣ್ಣು ಹಾಕಲು ಮುಂದೆ ಬಂದಿರುತ್ತಾರೆ, ಅಳು ಜೋರಾಗಿರುತ್ತದೆ, ಉಳಿದರ್ಧ ಯಾರ ಕಿವಿಗೂ ಬೀಳುವುದಿಲ್ಲ. ನಾನು ತುಸು ತಡೆದು, ದನಿ ಎತ್ತಿ, ಆ ಅರ್ಧವನ್ನು ಓದುತ್ತೇನೆ. ಮನೆಯವರಿಗೆ ಕೇಳಿಸಲೇಬೇಕಾದದ್ದು ಅದೇ.

ಇನ್ನೊಂದು ವಿಷಯ. ನಾವು 15ನೇ ಅಧ್ಯಾಯ ಮುಗಿಸಿ ಬೈಬಲ್ ಮುಚ್ಚಿಬಿಡುತ್ತೇವೆ. ಪೌಲ ಬರೆದಾಗ ಅಧ್ಯಾಯಗಳ ವಿಂಗಡಣೆ ಇರಲಿಲ್ಲ. ಮರಣವೇ, ನಿನ್ನ ಜಯವೆಲ್ಲಿ ಎಂದು ಕೇಳಿದವನು, ಕರ್ತನಲ್ಲಿ ನೀವು ಪಟ್ಟ ಪ್ರಯಾಸ ವ್ಯರ್ಥವಲ್ಲ ಎಂದವನು, ಅದೇ ಉಸಿರಿನಲ್ಲಿ ಹಣದ ಮಾತಿಗೆ ಬರುತ್ತಾನೆ. ಯೆರೂಸಲೇಮಿನ ಸಭೆಗಾಗಿ ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಒಂದಿಷ್ಟು ತೆಗೆದಿಡಿ ಎನ್ನುತ್ತಾನೆ. ಆ ಮೊದಲನೆಯ ದಿನವೇ ಭಾನುವಾರ, ಯೇಸು ಎದ್ದ ದಿನ. ದೇಹ ಏಳುತ್ತದೆಂದು ನಂಬಿದವನಿಗೆ ದೂರದ ಊರಿನವರ ಹಸಿವೂ ತನ್ನದೇ ವಿಷಯ. ಗ್ರೀಸ್ ಕಡೆಯ ಮಕೆದೋನ್ಯ ಮತ್ತು ಅಖಾಯ ಪ್ರಾಂತ್ಯದವರು ಯೆರೂಸಲೇಮಿನ ಬಡವರಿಗೆಂದು ಕೊಟ್ಟ ಹಣ ಹಿಡಿದು ಅಲ್ಲಿಗೆ ಹೊರಟಿದ್ದೇನೆ ಎಂದು ಅವನು ಮುಂದೆ ರೋಮಿನ ಸಭೆಗೂ ಬರೆದ.