ಶೆವ್ರಾನ್ ತತ್ವ ರದ್ದಾದ ಮೇಲೆ ಕಾಯಿದೆಯ ಅರ್ಥವನ್ನು ನಿರ್ಣಯಿಸುವವರು ಯಾರು?

2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಶೆವ್ರಾನ್ ತತ್ವವನ್ನು ರದ್ದುಗೊಳಿಸಿ ನೀಡಿದ ಲೋಪರ್ ಬ್ರೈಟ್ ತೀರ್ಪನ್ನು ‘ಸರ್ಕಾರಿ ಸಂಸ್ಥೆಗಳ ಅಧಿಕಾರ ಹೋಯಿತು’ ಎಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಪರೀಕ್ಷೆಗೂ ಅಷ್ಟು ಸಾಲದು, ವಿಷಯಕ್ಕೂ ಸಾಲದು.

1984ರ ಶೆವ್ರಾನ್ ಪ್ರಕರಣದಲ್ಲಿ, ವಾಯುಮಾಲಿನ್ಯ ಕಾಯಿದೆಯ ‘ಸ್ಥಾಯಿ ಮೂಲ’ ಎಂದರೆ ಇಡೀ ಕಾರ್ಖಾನೆಯೋ, ಹೊಗೆ ಉಗುಳುವ ಅದರ ಒಂದೊಂದು ಘಟಕವೋ ಎಂಬ ಪ್ರಶ್ನೆ ಎದ್ದಿತ್ತು. ಕಾಯಿದೆಯ ಮಾತು ಅಸ್ಪಷ್ಟವಾಗಿದ್ದು, ಅದನ್ನು ಜಾರಿಗೊಳಿಸುವ ಸಂಸ್ಥೆ ಹೇಳುವ ಅರ್ಥ ಸಮಂಜಸವಾಗಿದ್ದರೆ, ನ್ಯಾಯಾಧೀಶರಿಗೆ ಬೇರೆ ಅರ್ಥವೇ ಸರಿಯೆನಿಸಿದರೂ ಸಂಸ್ಥೆಯ ಅರ್ಥಕ್ಕೆ ಮಣಿಯಬೇಕೆಂದು ತೀರ್ಮಾನವಾಯಿತು. ಇದೇ ಶೆವ್ರಾನ್ ತತ್ವ. ಅಂದು ಗೆದ್ದದ್ದು ಅಧ್ಯಕ್ಷ ರೇಗನ್ ಅವರ ಆಡಳಿತ, ಸೋತದ್ದು ಪರಿಸರವಾದಿಗಳು. ಮುಂದೆ ಇದೇ ತತ್ವವನ್ನು ಉಳಿಸಿಕೊಳ್ಳಲು ಪರಿಸರವಾದಿಗಳೇ ವಾದಿಸಬೇಕಾಯಿತು.

ಅದನ್ನು ಉರುಳಿಸಿದ್ದು ಅಟ್ಲಾಂಟಿಕ್ ಕರಾವಳಿಯಲ್ಲಿ ಹೆರಿಂಗ್ ಎಂಬ ಮೀನು ಹಿಡಿಯುವವರ ದಾವೆ, ಅಂದರೆ ಲೋಪರ್ ಬ್ರೈಟ್ ಪ್ರಕರಣ. 1976ರ ಮ್ಯಾಗ್ನಸನ್-ಸ್ಟೀವನ್ಸ್ ಕಾಯಿದೆಯ ಪ್ರಕಾರ ಮೀನುಗಾರಿಕಾ ದೋಣಿಗಳಲ್ಲಿ, ಮೀನುಗಾರಿಕೆಯ ಮಾಹಿತಿ ದಾಖಲಿಸುವ ವೀಕ್ಷಕರನ್ನು ಕರೆದೊಯ್ಯುವಂತೆ ಆದೇಶಿಸಬಹುದು. ಆದರೆ ಅವರ ಖರ್ಚನ್ನು ದೋಣಿಯವರ ತಲೆಗೆ ಕಟ್ಟುವ ಮಾತು ವಿದೇಶಿ ಹಡಗುಗಳು, ಉತ್ತರ ಪೆಸಿಫಿಕ್‌ನ ಮೀನುಗಾರಿಕೆ ಮುಂತಾದ ಕೆಲವೇ ಸಂದರ್ಭಗಳಿಗೆ ಬರುತ್ತದೆ. ಹೆರಿಂಗ್ ಬಗ್ಗೆ ಕಾಯಿದೆ ಏನನ್ನೂ ಹೇಳುವುದಿಲ್ಲ. ಹೀಗಿದ್ದೂ ಸರ್ಕಾರಿ ಮೀನುಗಾರಿಕಾ ಸಂಸ್ಥೆಯ 2020ರ ನಿಯಮ ದಿನಕ್ಕೆ ಅಂದಾಜು 710 ಡಾಲರ್‌ವರೆಗಿನ ವೆಚ್ಚವನ್ನು ಮೀನುಗಾರರ ಮೇಲೆ ಹೊರಿಸಿತ್ತು.

ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪು ನಿಂತಿರುವುದು ಸಂವಿಧಾನದ ವಿಧಿಯ ಮೇಲಲ್ಲ, 1946ರ ಆಡಳಿತ ಕಾರ್ಯವಿಧಾನ ಕಾಯಿದೆಯ 706ನೇ ಕಲಂ ಮೇಲೆ ಎಂಬುದನ್ನು ಅಡಿಗೆರೆ ಎಳೆದು ಗುರುತಿಸಿಕೊಳ್ಳಬೇಕು. ಕಾನೂನಿನ ಪ್ರಶ್ನೆಗಳನ್ನೆಲ್ಲ ಪರಿಶೀಲಿಸುವ ನ್ಯಾಯಾಲಯವೇ ತೀರ್ಮಾನಿಸಬೇಕೆಂದು ಆ ಕಲಂ ಹೇಳುತ್ತದೆ. ಆದ್ದರಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮನಸ್ಸು ಮಾಡಿದರೆ ಆ ಕಲಮನ್ನೇ ತಿದ್ದಬಹುದು. ಸಂಸ್ಥೆಯ ಪರಿಣತಿಗೆ ಬೆಲೆಯಿಲ್ಲವೆಂದೂ ತೀರ್ಪು ಹೇಳಿಲ್ಲ. 1944ರ ಸ್ಕಿಡ್‌ಮೋರ್ ತೀರ್ಪಿನಂತೆ ಸಂಸ್ಥೆಯ ಅಭಿಪ್ರಾಯಕ್ಕೆ ಅದರ ತರ್ಕದ ಬಲದಷ್ಟು ತೂಕವಿದೆ, ಮತ್ತು ಕಾಯಿದೆಯೇ ಸ್ಪಷ್ಟವಾಗಿ ವಿವೇಚನಾಧಿಕಾರ ಕೊಟ್ಟಲ್ಲಿ ನ್ಯಾಯಾಲಯ ಅದರ ಎಲ್ಲೆಯನ್ನಷ್ಟೇ ನೋಡುತ್ತದೆ. ಕಾಯಿದೆಯ ಮೌನವನ್ನು ಅಧಿಕಾರ ನೀಡಿಕೆಯೆಂದು ತಿಳಿಯಬಾರದು ಎಂಬುದೇ ಹೊಸ ನಿಲುವಿನ ತಿರುಳು. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಅವರು, ವಿಜ್ಞಾನ ಮತ್ತು ನೀತಿ ಬೆರೆತ ಪ್ರಶ್ನೆಗಳನ್ನು ನ್ಯಾಯಾಲಯ ತನ್ನ ಕೈಗೆ ತೆಗೆದುಕೊಳ್ಳುತ್ತಿದೆ ಎಂದು ಆಕ್ಷೇಪಿಸಿದರು. ಈ ಆಕ್ಷೇಪ ಹಗುರವಾದುದಲ್ಲ: ಯಾವ ಮಾತು ಮೌನ, ಯಾವುದು ಅಧಿಕಾರ ನೀಡಿಕೆ ಎಂದು ಹೇಳುವವರೂ ಈಗ ನ್ಯಾಯಾಧೀಶರೇ.

ಅಮೆರಿಕದಲ್ಲಿರುವ ಕನ್ನಡಿಗ ಕುಟುಂಬಗಳಿಗೂ ತಟ್ಟುವ ಉದಾಹರಣೆಯೊಂದಿದೆ. ಎಚ್-1ಬಿ ವೀಸಾದಾರರ ಸಂಗಾತಿಗಳಲ್ಲಿ ಕೆಲವರಿಗೆ ಉದ್ಯೋಗ ಮಾಡಲು ಅನುಮತಿ ನೀಡುವ 2015ರ ನಿಯಮ ಈ ತೀರ್ಪಿನ ಹೊಡೆತಕ್ಕೆ ಬೀಳಬಹುದೆಂಬ ಮಾತಿತ್ತು. ಆದರೆ 2024ರ ಆಗಸ್ಟ್‌ನಲ್ಲಿ ಡಿ.ಸಿ. ಸರ್ಕೀಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತಾನು ಆಧರಿಸಿದ 2022ರ ತನ್ನದೇ ತೀರ್ಪು ಶೆವ್ರಾನ್ ಅನ್ನು ನೆಚ್ಚಿಕೊಂಡಿರಲಿಲ್ಲ ಎಂಬುದು ಅದು ಕೊಟ್ಟ ಕಾರಣ.