ಓವರ್‌ಡೋಸ್‌ನಿಂದ ಬದುಕಿದವರನ್ನು ಸಂಶೋಧನೆಗೆ ಕರೆಯುವುದು ಸರಿಯಾ?

ಪ್ರಶ್ನೆ: ಓವರ್‌ಡೋಸ್ ಆಗಿ ಆಂಬುಲೆನ್ಸಿನಲ್ಲಿ ಬಂದವರನ್ನು ಆರೋಗ್ಯ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರಂತೆ, ದುಡ್ಡೂ ಕೊಡುತ್ತಾರಂತೆ. ಇದು ಸರಿಯಾ?

ಸರಿಯೇ, ಕೇಳುವ ಹೊತ್ತು ಸರಿಯಿದ್ದರೆ. ಈ ಪ್ರಶ್ನೆ ಬರುತ್ತಲೇ ಇರುವುದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ.

ಹೆರಾಯಿನ್‌ನಂಥ ಒಪಿಯಾಯ್ಡ್ (ಅಫೀಮಿನ ಜಾತಿಯ ಡ್ರಗ್) ಓವರ್‌ಡೋಸ್‌ಗೆ ನಲೋಕ್ಸೋನ್ ಎಂಬ ಔಷಧಿ ಕೊಟ್ಟರೆ ಕೆಲವೇ ನಿಮಿಷದಲ್ಲಿ ಉಸಿರು ಮರಳುತ್ತದೆ. ಜೊತೆಗೆ ಬೆವರು, ವಾಂತಿ, ಮೈಕೈ ನೋವು, ಸಿಡಿಮಿಡಿಯೂ ಶುರುವಾಗಬಹುದು. ಔಷಧಿಯ ಪರಿಣಾಮ 30ರಿಂದ 90 ನಿಮಿಷ. ಅದು ಇಳಿದಾಗ ಮೈಯಲ್ಲಿ ಉಳಿದ ಡ್ರಗ್ ಮತ್ತೆ ಉಸಿರು ಕಟ್ಟಿಸಬಹುದು. ಆ ಹೊತ್ತಿನಲ್ಲಿ ಸಹಿ ಕೇಳುವುದು ತಪ್ಪು. ಆಂಬುಲೆನ್ಸ್ ಸಿಬ್ಬಂದಿ ಹೆಚ್ಚೆಂದರೆ "ಆಮೇಲೆ ಸಂಶೋಧಕರು ಫೋನ್ ಮಾಡಬಹುದಾ?" ಎಂದು ಕೇಳಬಹುದು. ಒಪ್ಪಿಗೆಯ ಮಾತು ತಲೆ ತಿಳಿಯಾದ ಮೇಲೆ. ಬೇಡ ಎಂದವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು.

ಇನ್ನು ದುಡ್ಡು. "ದುಡ್ಡು ಕಂಡರೆ ಅವರು ಯಾವುದಕ್ಕಾದರೂ ಸಹಿ ಹಾಕುತ್ತಾರೆ, ಅದರಲ್ಲೇ ಮತ್ತೆ ಡ್ರಗ್ಸ್ ಕೊಳ್ಳುತ್ತಾರೆ." ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುವುದಿಲ್ಲ. ಆದರೆ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದಲ್ಲಿ ವ್ಯಸನ ಚಿಕಿತ್ಸೆಯಲ್ಲಿದ್ದವರಿಗೆ, ಸಂಶೋಧನೆಯ ಫಾಲೋ-ಅಪ್‌ಗೆ, ಅಂದರೆ ಆಮೇಲಿನ ವಿಚಾರಣೆಯ ಭೇಟಿಗೆ, ಬಂದಾಗ 10, 40 ಅಥವಾ 70 ಡಾಲರ್ ಕೊಟ್ಟರು. ಕೆಲವರಿಗೆ ನಗದು, ಕೆಲವರಿಗೆ ಗಿಫ್ಟ್ ವೋಚರ್. ಯಾರಿಗೆ ಏನು ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು. 2005ರಲ್ಲಿ ಫಲಿತಾಂಶ ಬಂತು. ಜಾಸ್ತಿ ದುಡ್ಡು ಸಿಕ್ಕವರಲ್ಲಿ ಡ್ರಗ್ ಬಳಕೆ ಜಾಸ್ತಿಯಾಗಿರಲಿಲ್ಲ. ನಗದು ಸಿಕ್ಕವರಲ್ಲೂ ಇಲ್ಲ. ನಮ್ಮನ್ನು ಒತ್ತಾಯದಿಂದ ಸೇರಿಸಿದರು ಎಂಬ ಅನಿಸಿಕೆಯೂ ಹೆಚ್ಚಿರಲಿಲ್ಲ. ಹೆಚ್ಚಿದ್ದು ಫಾಲೋ-ಅಪ್‌ಗೆ ಬಂದವರ ಸಂಖ್ಯೆ. 2008ರಲ್ಲಿ 160 ಡಾಲರ್‌ವರೆಗೆ ಕೊಟ್ಟು ನೋಡಿದಾಗಲೂ ಹೀಗೇ ಆಯಿತು. ಬೇರೆ ಸಂಶೋಧನೆಗಳಲ್ಲಿ ಭಾಗವಹಿಸಿದವರು ಸಿಕ್ಕ ದುಡ್ಡನ್ನು ಏನು ಮಾಡಿದರು ಎಂದು ನಾವು ಕೇಳುವುದೇ ಇಲ್ಲ, ಅಲ್ವಾ? ಇವರೂ ತಮ್ಮ ಸಮಯ ಕೊಡುತ್ತಾರೆ, ಬದುಕಿನ ಕೆಟ್ಟ ದಿನವೊಂದನ್ನು ಗುರುತಿಲ್ಲದವರ ಮುಂದೆ ಹೇಳಿಕೊಳ್ಳುತ್ತಾರೆ. ಅದಕ್ಕೆ ದುಡ್ಡು ಕೊಡುವುದು ಮರ್ಯಾದೆ.

ಇವರನ್ನು ಹುಡುಕಿ ಮಾತಾಡಿಸುವ ತುರ್ತು ಏನು ಅಂತೀರಾ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2011ರಿಂದ 2015ರವರೆಗಿನ ದಾಖಲೆ ನೋಡಿದರು. ಒಪಿಯಾಯ್ಡ್ ಓವರ್‌ಡೋಸ್‌ಗೆ ತುರ್ತು ಚಿಕಿತ್ಸೆ ಪಡೆದು ಬದುಕಿದವರಲ್ಲಿ ಸುಮಾರು ಶೇ. 5.5ರಷ್ಟು ಜನ ಒಂದೇ ವರ್ಷದೊಳಗೆ ಸತ್ತಿದ್ದರು. ಆ ಸಾವುಗಳಲ್ಲಿ ಐದರಲ್ಲೊಂದು ಮೊದಲ ತಿಂಗಳಲ್ಲೇ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಆಂಬುಲೆನ್ಸ್ ಮೂಲಕ ಸಿಗುವವರು ಆಂಬುಲೆನ್ಸ್ ಕರೆದವರು ಮಾತ್ರ. ಪೊಲೀಸರ ಭಯಕ್ಕೆ ಫೋನೇ ಮಾಡದವರು, ಗೆಳೆಯರೇ ನಲೋಕ್ಸೋನ್ ಕೊಟ್ಟು ಉಳಿಸಿದವರು, ಎಚ್ಚರವಾದ ಕೂಡಲೇ ಎದ್ದು ಹೋದವರು ಈ ಲೆಕ್ಕಕ್ಕೆ ಸಿಗುವುದು ಕಷ್ಟ. ಅವರನ್ನು ಬಿಟ್ಟು ಬರೆದ ವರದಿ ಅರ್ಧ ವರದಿ. ಅದಕ್ಕೇ ಸೂಜಿ ವಿನಿಮಯ ಕೇಂದ್ರಗಳ (ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಹಳೆಯ ಸೂಜಿಯ ಬದಲು ಹೊಸದು ಕೊಡುವ ಜಾಗ) ಮೂಲಕವೂ, ಹಿಂದೆ ಡ್ರಗ್ಸ್ ಬಳಸಿದವರ ಮೂಲಕವೂ ಅವರನ್ನು ತಲುಪಬೇಕು.